ಬಿಸಿಯಲ್ಲಿ ಬಾಳುವ ಜೋಡಿ ಯಾವುದು? ವಾಹಕ ಪಾಲಿಮರ್ ಪದರ ಮತ್ತು ಸಾವಯವ ರಂಜಕ (ಫಾಸ್ಫರಸ್) ಸಂಯುಕ್ತಗಳನ್ನು ಆರಿಸುವ ಬಗೆ

ಬಾಟಲಿಯ ಮೇಲೆ ಟ್ರೈಮೀಥೈಲ್ ಫಾಸ್ಫೇಟ್ ಎಂದು ಬರೆದಿದೆ. ಅದನ್ನು ಪಾಲಿಅನಿಲೀನ್ ಎಂಬ ವಾಹಕ ಪಾಲಿಮರಿನ ಪದರಕ್ಕೆ ಹೀರಿಸಿ, 150 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಕೆಲವು ತಾಸು ಇಟ್ಟು ಹೊರತೆಗೆದರೆ, ಪದರದೊಳಗೆ ಇರುವುದು ಟ್ರೈಮೀಥೈಲ್ ಫಾಸ್ಫೇಟೇ ಎಂದು ಯಾರೂ ಖಚಿತವಾಗಿ ಹೇಳಲಾರರು. ಅದರ ಒಂದು ಮೀಥೈಲ್ ಗುಂಪು ಪಾಲಿಮರಿನ ಸಾರಜನಕಕ್ಕೆ ಅಂಟಿಕೊಂಡಿರಬಹುದು. ಉಳಿದ ಭಾಗ ಡೈಮೀಥೈಲ್ ಫಾಸ್ಫೇಟ್ ಅಯಾನಾಗಿ ಪಕ್ಕದಲ್ಲೇ ಕೂತಿರಬಹುದು. ಪದರ ತೇವವಾಗಿದ್ದರೆ ಎಸ್ಟರ್ (ಆಮ್ಲಕ್ಕೆ ಆಲ್ಕೊಹಾಲ್ ಬೆಸೆದು ಆದ ಸಂಯುಕ್ತ; ಟ್ರೈಮೀಥೈಲ್ ಫಾಸ್ಫೇಟ್ ಅಂಥದ್ದು) ಒಡೆದು ಆಮ್ಲವಾಗಿ, ಆ ಆಮ್ಲವೇ ಪಾಲಿಮರನ್ನು ಡೋಪ್ ಮಾಡಿರಲೂಬಹುದು, ಅಂದರೆ ಅದಕ್ಕೆ ಆವೇಶ ಕೊಟ್ಟು ವಾಹಕವಾಗಿಸಿರಲೂಬಹುದು. ಹಾಕಿದ್ದು ಒಂದು ದ್ರಾವಕ, ಸಿಕ್ಕಿದ್ದು ಬೇರೆಯೇ ಒಂದು ವಸ್ತು.

ಈ ಕಾರಣಕ್ಕೆ, ಯಾವ ಪದರಕ್ಕೆ ಯಾವ ರಂಜಕ ಸಂಯುಕ್ತ ಎಂದು ತೀರ್ಮಾನಿಸುವಾಗ ಬಾಟಲಿಯ ಮೇಲಿನ ಹೆಸರನ್ನು ನೆಚ್ಚಿಕೊಳ್ಳಬೇಡಿ ಎನ್ನುವುದು ನನ್ನ ಮೊದಲ ಮಾತು. ನಿಮ್ಮ ಕೆಲಸದ ಉಷ್ಣತೆಯಲ್ಲಿ ಆ ಸಂಯುಕ್ತ ಏನಾಗಿ ನಿಲ್ಲುತ್ತದೆ ಎಂದು ಕೇಳಿಕೊಂಡು ಆರಿಸಿ. ವಾಹಕ ಪಾಲಿಮರ್ ಮತ್ತು ರಂಜಕ ಸಂಯುಕ್ತ, ಈ ಎರಡು ಬಗೆಯ ವಸ್ತುಗಳು ಹಲವು ಕಡೆ ಒಟ್ಟಿಗೆ ಬರುತ್ತವೆ. ಬೆಂಕಿ ತಡೆಯುವ ಲೇಪನದಲ್ಲಿ, ಪದರವನ್ನು ಮೆದುವಾಗಿಸುವ ಪ್ಲಾಸ್ಟಿಸೈಸರ್ ಆಗಿ, ಡೋಪಂಟ್ ಆಗಿ, ಬ್ಯಾಟರಿಯ ಎಲೆಕ್ಟ್ರೊಲೈಟ್‌ನಲ್ಲಿ, ಪಾರದರ್ಶಕ ಎಲೆಕ್ಟ್ರೋಡಿನ ಮೇಲ್ಮೈ ಸಂಸ್ಕರಣೆಯಲ್ಲಿ. ಎಲ್ಲೆಡೆ ಮೇಲಿನ ಪ್ರಶ್ನೆ ಒಂದೇ, ಉತ್ತರ ಮಾತ್ರ ಬೇರೆ ಬೇರೆ.

ಪದರ ಯಾವುದರಿಂದ ವಾಹಕವಾಗಿದೆ?

ಹಿಡೆಕಿ ಶಿರಾಕಾವಾ, ಅಲನ್ ಮ್ಯಾಕ್‌ಡೈರ್ಮಿಡ್ ಮತ್ತು ಅಲನ್ ಹೀಗರ್ 1977ರಲ್ಲಿ ಪಾಲಿಅಸಿಟಲೀನ್ ಪದರಕ್ಕೆ ಅಯೋಡಿನ್ ಆವಿ ತಾಗಿಸಿ ಅದರ ವಾಹಕತೆಯನ್ನು ಲಕ್ಷಾಂತರ ಪಟ್ಟು ಏರಿಸಿದ ಕೆಲಸಕ್ಕೆ 2000ದ ರಸಾಯನಶಾಸ್ತ್ರ ನೊಬೆಲ್ ಸಂದಿತು. ಅಯೋಡಿನ್ ಮಾಡಿದ್ದು ಉತ್ಕರ್ಷಣೆ, ಅಂದರೆ ಸರಪಳಿಯಿಂದ ಎಲೆಕ್ಟ್ರಾನನ್ನು ಕಿತ್ತುಕೊಂಡದ್ದು. ಪಾಲಿಪಿರೋಲ್ ಮತ್ತು ಪೆಡಾಟ್ (PEDOT) ಎಂಬ ಇನ್ನೆರಡು ಪಾಲಿಮರುಗಳು ವಾಹಕವಾಗುವುದು ಇದೇ ದಾರಿಯಲ್ಲಿ. ಸರಪಳಿಯ ಮೇಲೆ ಧನ ಆವೇಶ, ಅದನ್ನು ಸರಿದೂಗಿಸಲು ಪಕ್ಕದಲ್ಲಿ ಒಂದು ಋಣ ಅಯಾನು.

ಪಾಲಿಅನಿಲೀನ್‌ನ ದಾರಿ ಬೇರೆ. ಅದರ ಅರೆ ಉತ್ಕರ್ಷಿತ ರೂಪವಾದ ಎಮರಾಲ್ಡೀನ್ ಕ್ಷಾರ ನೀಲಿ ಬಣ್ಣದ ನಿರೋಧಕ. ಆಮ್ಲ ತಾಗಿದ ಕೂಡಲೇ ಇಮಿನ್ ಸಾರಜನಕಗಳು (ಇಂಗಾಲಕ್ಕೆ ಜೋಡಿ ಬಂಧದಿಂದ ಸೇರಿದವು) ಪ್ರೋಟಾನ್ ಹಿಡಿದು ಪದರ ಹಸಿರಾಗುತ್ತದೆ, ವಾಹಕತೆ ಸುಮಾರು ಸಾವಿರ ಕೋಟಿ ಪಟ್ಟು ಏರಿ ಪ್ರತಿ ಸೆಂಟಿಮೀಟರಿಗೆ 1ರಿಂದ 10 ಸೀಮೆನ್ಸ್ ತನಕ ಹೋಗುತ್ತದೆ. ಇಲ್ಲಿ ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವ ಮಾತೇ ಇಲ್ಲ, ಎಲ್ಲವೂ ಪ್ರೋಟಾನಿನ ಲೆಕ್ಕ.

ಈ ವ್ಯತ್ಯಾಸವೇ ನಿಮ್ಮ ಆಯ್ಕೆಯ ಅರ್ಧ ಭಾಗ. ಪ್ರೋಟಾನ್ ಕೊಡುವ ಅಥವಾ ಕಿತ್ತುಕೊಳ್ಳುವ ರಂಜಕ ಸಂಯುಕ್ತ ಪಾಲಿಅನಿಲೀನ್ ಪದರವನ್ನು ತಲೆಕೆಳಗು ಮಾಡಬಲ್ಲದು, ಪೆಡಾಟ್‌ಗೆ ಅದರಿಂದ ಆಗುವುದು ಕಡಿಮೆ. ಎಲೆಕ್ಟ್ರಾನ್ ಕೊಡುವ ಅಥವಾ ಸರಪಳಿಯ ಮೇಲೆ ದಾಳಿ ಮಾಡುವ ಸಂಯುಕ್ತವಾದರೆ ಉತ್ಕರ್ಷಣೆಯಿಂದ ಡೋಪ್ ಆದ ಪದರಗಳೇ ಹೆಚ್ಚು ಅಂಜಬೇಕು.

ರಂಜಕದ ಕಡೆಯವರು

ಸಾವಯವ ರಂಜಕ ಸಂಯುಕ್ತ ಎಂಬ ಒಂದೇ ಹೆಸರಿನಡಿ ಸ್ವಭಾವದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳು ಸೇರಿಕೊಂಡಿವೆ. ಬಿಸಿಯಲ್ಲಿ ಅವುಗಳ ನಡತೆಯನ್ನು ನೋಡಿ ನಾನು ಹೀಗೆ ಬೇರ್ಪಡಿಸುತ್ತೇನೆ: ಆಲ್ಕೈಲ್ ಎಸ್ಟರುಗಳು (ಮೀಥೈಲ್, ಬ್ಯುಟೈಲ್‌ನಂಥ ಇಂಗಾಲದ ಸರಪಳಿಯುಳ್ಳವು), ಅರೈಲ್ ಎಸ್ಟರುಗಳು (ಫೀನೈಲ್‌ನಂಥ ಬೆಂಜೀನ್ ಉಂಗುರವುಳ್ಳವು), ಮೊದಲಿಗೇ ಆಮ್ಲವಾಗಿರುವಂಥವು, ಕೊನೆಗೆ ತ್ರಿವೇಲೆನ್ಸಿ ರಂಜಕ (ಮೂರೇ ಬಂಧ ಕಟ್ಟಿರುವ ರಂಜಕ, ಉದಾಹರಣೆಗೆ ಫಾಸ್ಫೈಟುಗಳು).

ಹೆಚ್ಚು ಮಾತಾಡಬೇಕಾದದ್ದು ಆಲ್ಕೈಲ್ ಎಸ್ಟರುಗಳ ಬಗ್ಗೆ, ಏಕೆಂದರೆ ತಪ್ಪು ಎಣಿಕೆ ಹೆಚ್ಚಾಗಿ ಆಗುವುದು ಇಲ್ಲೇ. ಟ್ರೈಮೀಥೈಲ್ ಫಾಸ್ಫೇಟ್ 197 ಡಿಗ್ರಿಯಲ್ಲಿ, ಟ್ರೈಈಥೈಲ್ ಫಾಸ್ಫೇಟ್ 215ರಲ್ಲಿ, ಡೈಮೀಥೈಲ್ ಮೀಥೈಲ್‌ಫಾಸ್ಫೋನೇಟ್ 181ರಲ್ಲಿ ಕುದಿಯುತ್ತವೆ. ಟ್ರೈಬ್ಯುಟೈಲ್ ಫಾಸ್ಫೇಟಿನ ಕುದಿಬಿಂದು 289 ಡಿಗ್ರಿ. ಈ ಅಂಕಿಗಳನ್ನು ನೋಡಿ 150 ಡಿಗ್ರಿಯಲ್ಲಿ ಇವೆಲ್ಲ ತೆಪ್ಪಗಿರುತ್ತವೆ ಎಂದುಕೊಳ್ಳುವುದು ಸಹಜ. ಕುದಿಬಿಂದು ಹೇಳುವುದು ಅಣು ಯಾವಾಗ ಹಾರಿಹೋಗುತ್ತದೆ ಎಂಬುದನ್ನು. ಅದು ಯಾವಾಗ ಒಡೆಯುತ್ತದೆ ಎಂಬುದು ಪಕ್ಕದಲ್ಲಿ ಯಾರಿದ್ದಾರೆ ಎನ್ನುವುದರ ಮೇಲೆ ನಿಂತಿದೆ.

ಮೀಥೈಲ್ ಎಸ್ಟರಿನ ಪಕ್ಕದಲ್ಲಿ ಒಂಟಿ ಎಲೆಕ್ಟ್ರಾನ್ ಜೋಡಿಯುಳ್ಳ ಸಾರಜನಕ ಇದ್ದರೆ, ಮೀಥೈಲ್ ಗುಂಪು ಅತ್ತ ಜಿಗಿಯುತ್ತದೆ. ಅನಿಲೀನ್‌ಗಳನ್ನು ಟ್ರೈಆಲ್ಕೈಲ್ ಫಾಸ್ಫೇಟಿನೊಂದಿಗೆ ಬಿಸಿಮಾಡಿ ಡೈಆಲ್ಕೈಲ್ ಅನಿಲೀನ್ ತಯಾರಿಸುವುದು ಸಂಶ್ಲೇಷಣೆಯ ಹಳೆಯ, ನೆಚ್ಚಬಹುದಾದ ವಿಧಾನ. ಪಾಲಿಅನಿಲೀನ್ ಎಂದರೆ ಅನಿಲೀನ್‌ಗಳ ಸರಪಳಿಯೇ ತಾನೆ. ಡೋಪ್ ಆಗದ ನೀಲಿ ಪದರದಲ್ಲಿ ಇಮಿನ್ ಸಾರಜನಕಗಳು ತೆರೆದೇ ಇರುತ್ತವೆ, ಮೀಥೈಲ್ ಅಲ್ಲಿ ಕೂತರೆ ಪ್ರೋಟಾನ್ ಕೂತಂತೆಯೇ ಧನ ಆವೇಶ ಬರುತ್ತದೆ. ಮೇಲ್ನೋಟಕ್ಕೆ ಲಾಭ ಅನ್ನಿಸುವ ಬದಲಾವಣೆ ಇದು. ಆದರೆ ಪ್ರೋಟಾನ್ ಅತಿ ಪುಟ್ಟದು, ಮೀಥೈಲ್ ಹಾಗಲ್ಲ. ಅದು ಅಕ್ಕಪಕ್ಕದ ಉಂಗುರಗಳನ್ನು ತಿರುಚಿ ಸರಪಳಿಯ ಸಮತಲವನ್ನು ಕೆಡಿಸುತ್ತದೆ. ಸಾರಜನಕದ ಮೇಲೆ ಮೀಥೈಲ್ ಇರುವ ಪಾಲಿಮರುಗಳ ವಾಹಕತೆ ಮಾಮೂಲಿ ಪಾಲಿಅನಿಲೀನ್‌ಗಿಂತ ಬಹಳ ಕಡಿಮೆ ಇರುವುದು ಇದೇ ಕಾರಣಕ್ಕೆ. ಪ್ರೋಟಾನನ್ನು ಅಮೋನಿಯಾ ತಾಗಿಸಿ ತೆಗೆಯಬಹುದು, ಮೀಥೈಲನ್ನು ಹಾಗೆ ತೆಗೆಯಲು ಬರುವುದಿಲ್ಲ.

ಇದರಿಂದ ಕೆಲಸಕ್ಕೆ ಬರುವ ಒಂದು ಸೂಚನೆ ಸಿಗುತ್ತದೆ. ಪದರ ಮೊದಲೇ ಪೂರ್ತಿ ಡೋಪ್ ಆಗಿದ್ದರೆ ಇಮಿನ್ ಸಾರಜನಕದ ಒಂಟಿ ಜೋಡಿಯನ್ನು ಪ್ರೋಟಾನ್ ಹಿಡಿದಿರುತ್ತದೆ, ಮೀಥೈಲ್‌ಗೆ ಜಾಗ ಸಿಗುವುದಿಲ್ಲ. ಹಾಗಾಗಿ ಆಲ್ಕೈಲ್ ಎಸ್ಟರಿನೊಂದಿಗೆ ಪಾಲಿಅನಿಲೀನ್ ಬಿಸಿ ಮಾಡಲೇಬೇಕಿದ್ದರೆ ಹಸಿರು ಪದರವನ್ನೇ ತೆಗೆದುಕೊಳ್ಳಿ, ನೀಲಿಯದನ್ನು ಬಿಡಿ. ಆ ಹಸಿರು ಹೈಡ್ರೋಕ್ಲೋರಿಕ್ ಆಮ್ಲದಿಂದ ಬಂದದ್ದಾಗಿರಬಾರದು. 100 ಡಿಗ್ರಿ ದಾಟುತ್ತಲೇ ಹೈಡ್ರೋಜನ್ ಕ್ಲೋರೈಡ್ ಪದರ ಬಿಟ್ಟು ಹೊರಡತೊಡಗುತ್ತದೆ, ಸ್ವಲ್ಪ ಕ್ಲೋರಿನ್ ಉಂಗುರಕ್ಕೇ ಅಂಟಿಕೊಳ್ಳುವುದೂ ಉಂಟು. ಮೀಥೈಲ್ ಎಸ್ಟರ್ ಜೊತೆಗಿದ್ದರೆ ಇನ್ನೊಂದು ದಾರಿಯೂ ತೆರೆಯುತ್ತದೆ. ಕ್ಲೋರೈಡ್ ಅಯಾನು ಎಸ್ಟರಿನ ಮೀಥೈಲನ್ನು ಕಿತ್ತುಕೊಂಡು ಮೀಥೈಲ್ ಕ್ಲೋರೈಡ್ ಅನಿಲವಾಗಿ ಹಾರಿಹೋಗಬಲ್ಲದು, ಹಿಂದೆ ಉಳಿಯುವುದು ಡೈಮೀಥೈಲ್ ಫಾಸ್ಫೇಟ್ ಅಯಾನು. ಕಾರ್ಬಾಕ್ಸಿಲೇಟ್ ಎಸ್ಟರುಗಳ ಬಗ್ಗೆ ಕಲಿತ ಅಭ್ಯಾಸದಿಂದ ನಾವು ರಂಜಕದ ಎಸ್ಟರುಗಳ ಈ ಸ್ವಭಾವವನ್ನು ಮರೆತುಬಿಡುತ್ತೇವೆ. ಇಲ್ಲಿ ದಾಳಿ ಇಂಗಾಲದ ಮೇಲೂ ನಡೆಯುತ್ತದೆ, ಏಕೆಂದರೆ ಹೊರಹೋಗುವ ಫಾಸ್ಫೇಟ್ ಗುಂಪು ಒಳ್ಳೆಯ ಬಿಡುಗುಂಪು, ಅಂದರೆ ಸುಲಭವಾಗಿ ಕಳಚಿಕೊಳ್ಳುವಂಥದ್ದು.

ಬ್ಯುಟೈಲ್ ಮತ್ತು 2-ಈಥೈಲ್‌ಹೆಕ್ಸೈಲ್‌ನಂಥ ಉದ್ದ ಸರಪಳಿಗಳಲ್ಲಿ ಮೇಲುಗೈ ಸಾಧಿಸುವುದು ಬೇರೆ ಕ್ರಿಯೆ. ಉಷ್ಣತೆ ಏರಿದಾಗ, ಅದರಲ್ಲೂ ಆಮ್ಲ ಹತ್ತಿರವಿದ್ದರೆ, ಸರಪಳಿ ಆಲ್ಕೀನ್ ಆಗಿ ಕಳಚಿ ಬೀಳುತ್ತದೆ. ಟ್ರೈಬ್ಯುಟೈಲ್ ಫಾಸ್ಫೇಟಿನಿಂದ ಬ್ಯುಟೀನ್ ಅನಿಲ ಹೊರಟು, ಡೈಬ್ಯುಟೈಲ್, ನಂತರ ಮೊನೊಬ್ಯುಟೈಲ್, ಕೊನೆಗೆ ಬರಿಯ ಫಾಸ್ಫಾರಿಕ್ ಆಮ್ಲ ಉಳಿಯುತ್ತದೆ. ಹುಟ್ಟಿದ ಪ್ರತಿ ಆಮ್ಲವೂ ಮುಂದಿನ ಒಡೆತಕ್ಕೆ ಇಂಬು ಕೊಡುವುದರಿಂದ ಶುರುವಿನಲ್ಲಿ ನಿಧಾನವಾಗಿದ್ದದ್ದು ಆಮೇಲೆ ವೇಗ ಹಿಡಿಯುತ್ತದೆ. ದಪ್ಪ ಪದರವಾದರೆ ಒಳಗೆ ಹುಟ್ಟಿದ ಅನಿಲ ಗುಳ್ಳೆಯೆಬ್ಬಿಸುತ್ತದೆ.

ಅರೈಲ್ ಎಸ್ಟರುಗಳ ವಿಷಯದಲ್ಲಿ ಇಷ್ಟು ರಗಳೆ ಇಲ್ಲ. ಟ್ರೈಫೀನೈಲ್ ಫಾಸ್ಫೇಟಿನ ಫೀನೈಲ್ ಗುಂಪು ಸಾರಜನಕಕ್ಕೆ ಜಿಗಿಯಲಾರದು, ಆಲ್ಕೀನ್ ಆಗಿ ಕಳಚಲೂ ಆರದು, ಆ ಎರಡೂ ದಾರಿಗಳು ಅದರ ರಚನೆಯಲ್ಲೇ ಇಲ್ಲ. ಉಳಿಯುವುದು ನೀರಿನಿಂದಾಗುವ ಜಲವಿಭಜನೆ ಒಂದೇ, ಅದರಿಂದ ಫೀನಾಲ್ ಮತ್ತು ಡೈಫೀನೈಲ್ ಫಾಸ್ಫೇಟ್ ಬರುತ್ತವೆ. ಬಿಸಿಯಲ್ಲಿ ವಾಹಕತೆ ಅಲುಗಾಡದೆ ನಿಲ್ಲಬೇಕು, ರಂಜಕ ಕೇವಲ ಬೆಂಕಿ ತಡೆಯಲು ಬೇಕು ಎಂದಾದರೆ ನಾನು ಇವನ್ನೇ ಆರಿಸುತ್ತೇನೆ. ಒಂದು ಕೊರತೆ ಇದೆ: ಟ್ರೈಫೀನೈಲ್ ಫಾಸ್ಫೇಟ್ ಸುಮಾರು 50 ಡಿಗ್ರಿಗೇ ಕರಗಿ, ಪದರದೊಳಗಿಂದ ಮೆಲ್ಲಗೆ ಮೇಲ್ಮೈಗೆ ಬಂದು ಕೂರುತ್ತದೆ. ರಿಸಾರ್ಸಿನಾಲ್ ಬಿಸ್ ಡೈಫೀನೈಲ್ ಫಾಸ್ಫೇಟ್‌ನಂಥ ದೊಡ್ಡ ಅಣು ಅಷ್ಟು ಸುಲಭವಾಗಿ ಹೊರಬರುವುದಿಲ್ಲ.

ಆಮ್ಲವೇ ಬೇಕು ಎನ್ನುವವರಿಗೆ

ಡೋಪಂಟ್ ಆಗಿ ರಂಜಕ ಬೇಕಾದವರು ಎಸ್ಟರ್ ಒಡೆಯಲಿ ಎಂದು ಕಾಯುವ ಬದಲು ನೇರವಾಗಿ ಆಮ್ಲವನ್ನೇ ತರುವುದು ಮೇಲು. ಇಲ್ಲಿ ಮೂರು ಬಗೆಗಳನ್ನು ಎದುರುಬದುರು ಇಟ್ಟು ನೋಡಬಹುದು.

ಬಿಸ್ 2-ಈಥೈಲ್‌ಹೆಕ್ಸೈಲ್ ಹೈಡ್ರೋಜನ್ ಫಾಸ್ಫೇಟಿನಂಥ ಅರ್ಧ ಎಸ್ಟರುಗಳು ಪಾಲಿಅನಿಲೀನ್‌ಗೆ ಹೇಳಿ ಮಾಡಿಸಿದಂತಿವೆ. ಆಮ್ಲದ ತುದಿ ಪ್ರೋಟಾನ್ ಕೊಡುತ್ತದೆ, ಎಣ್ಣೆಯಂಥ ಬಾಲಗಳು ಸರಪಳಿಗಳ ನಡುವೆ ಹೊಕ್ಕು ಪದರವನ್ನು ಮೆದುವಾಗಿಸುತ್ತವೆ. ಡೋಪಂಟೇ ಪ್ಲಾಸ್ಟಿಸೈಸರ್ ಕೂಡ. ಗಡುಸಾದ, ಸುಲಭವಾಗಿ ಕರಗದ ಪಾಲಿಅನಿಲೀನ್ ಅನ್ನು ಬಿಸಿ ಒತ್ತಿ ಪದರವಾಗಿಸಲು ಇದರಿಂದ ಆಗುವ ಅನುಕೂಲ ಸಣ್ಣದಲ್ಲ. ಆದರೆ ಆ ಬಾಲಗಳೂ ಮೇಲೆ ಹೇಳಿದ ಆಲ್ಕೀನ್ ದಾರಿ ಹಿಡಿಯಬಲ್ಲವು. ಅಚ್ಚಿನಲ್ಲಿ ಕೆಲವೇ ನಿಮಿಷ ಬಿಸಿ ತಗುಲುವ ಕೆಲಸಕ್ಕೆ ಇವು ಉತ್ತಮ, ವರ್ಷಗಟ್ಟಲೆ ಬಿಸಿಯಲ್ಲಿರುವ ಭಾಗಕ್ಕೆ ನಾನು ಸೂಚಿಸುವುದಿಲ್ಲ.

ಅಂಥ ದೀರ್ಘ ಬಾಳಿಕೆಗೆ ಫೀನೈಲ್‌ಫಾಸ್ಫೋನಿಕ್ ಆಮ್ಲ ನೋಡಿ. ಇದರಲ್ಲಿ ರಂಜಕ ಮತ್ತು ಇಂಗಾಲ ನೇರವಾಗಿ ಬೆಸೆದಿವೆ, ನಡುವೆ ಆಮ್ಲಜನಕವಿಲ್ಲ. ಹಾಗಾಗಿ ಜಲವಿಭಜನೆಗಾಗಲೀ ಆಲ್ಕೈಲ್ ವರ್ಗಾವಣೆಗಾಗಲೀ ಎಡೆಯಿಲ್ಲ. ಬೆಲೆ ತೆರಬೇಕಾದದ್ದು ಇನ್ನೊಂದು ಕಡೆ. ಫಾಸ್ಫೋನಿಕ್ ಆಮ್ಲಗಳಿಗೆ ಲೋಹದ ಆಕ್ಸೈಡ್ ಎಂದರೆ ಅಪಾರ ಒಲವು. ಪದರದ ಕೆಳಗೆ ಇಂಡಿಯಂ ಟಿನ್ ಆಕ್ಸೈಡ್ ಅಥವಾ ಅಲ್ಯೂಮಿನಂ ಇದ್ದರೆ, ಬಿಸಿಮಾಡಿದಾಗ ಒಂದಷ್ಟು ಅಣುಗಳು ಅಲ್ಲಿಗೆ ಹೋಗಿ ರಂಜಕ-ಆಮ್ಲಜನಕ-ಲೋಹ ಬಂಧ ಕಟ್ಟಿಕೊಳ್ಳುತ್ತವೆ. ಉದ್ದ ಬಾಲದ ಫಾಸ್ಫೋನಿಕ್ ಆಮ್ಲವಾದರೆ ಎಲೆಕ್ಟ್ರೋಡ್ ಮತ್ತು ಪದರದ ನಡುವೆ ಒಂದು ತೆಳು ನಿರೋಧಕ ಹೊದಿಕೆಯೇ ಹುಟ್ಟುತ್ತದೆ. ಪದರ ಚೆನ್ನಾಗಿಯೇ ಇರುತ್ತದೆ, ಸಂಪರ್ಕ ರೋಧ ಮಾತ್ರ ಏರಿರುತ್ತದೆ, ದೋಷ ಎಲ್ಲಿದೆ ಎಂದು ತಿಳಿಯುವುದಿಲ್ಲ. ನಾಲ್ಕು ಮೊನೆಗಳ ಅಳತೆಯನ್ನೂ (ಇದರಲ್ಲಿ ಸಂಪರ್ಕ ರೋಧ ಸೇರುವುದಿಲ್ಲ) ಎರಡು ಮೊನೆಗಳ ಅಳತೆಯನ್ನೂ (ಇದರಲ್ಲಿ ಸೇರುತ್ತದೆ) ಮಾಡಿ ಹೋಲಿಸಿದರೆ ಇದು ಬಯಲಾಗುತ್ತದೆ.

ಮೂರನೆಯದು ಫೈಟಿಕ್ ಆಮ್ಲ. ಬೀಜಗಳಲ್ಲಿ ಸಸ್ಯಗಳು ರಂಜಕವನ್ನು ಕೂಡಿಡುವ ಅಣು, ಒಂದೇ ಉಂಗುರದ ಮೇಲೆ ಆರು ಫಾಸ್ಫೇಟ್ ಗುಂಪುಗಳು. ಒಂದು ಅಣು ಹಲವು ಸರಪಳಿಗಳಿಗೆ ಏಕಕಾಲಕ್ಕೆ ಪ್ರೋಟಾನ್ ಕೊಟ್ಟು ಅವನ್ನು ಹೆಣೆದು ಹಿಡಿಯುತ್ತದೆ. 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಇದೇ ಗುಣ ಬಳಸಿ ಪಾಲಿಅನಿಲೀನ್ ಹೈಡ್ರೋಜೆಲ್ ಮಾಡಿ ತೋರಿಸಿತು. ದೊಡ್ಡ ಅಣುವಾದ್ದರಿಂದ ಇದು ಆವಿಯಾಗುವ ಪ್ರಶ್ನೆಯಿಲ್ಲ. ಇನ್ನೂ ಮೇಲಿನ ಉಷ್ಣತೆಯಲ್ಲಿ ಇದು ಒಡೆದು ಫಾಸ್ಫಾರಿಕ್ ಆಮ್ಲ ಬಿಟ್ಟುಕೊಟ್ಟು ಪದರವನ್ನು ಇದ್ದಿಲಾಗಿಸುತ್ತದೆ. ಬಟ್ಟೆಯ ಮೇಲಿನ ಬೆಂಕಿ ತಡೆಯುವ ಲೇಪನಕ್ಕೆ ಅದೇ ಬೇಕಾದದ್ದು. ಪಾಲಿಅನಿಲೀನ್ ಮತ್ತು ಫೈಟಿಕ್ ಆಮ್ಲದ ಹೆಣಿಗೆಯನ್ನು 1000 ಡಿಗ್ರಿ ತನಕ ಸುಟ್ಟು, ಸಾರಜನಕ ಮತ್ತು ರಂಜಕ ಎರಡೂ ಸೇರಿದ ಇಂಗಾಲದ ವೇಗವರ್ಧಕ ಮಾಡುವವರೂ ಇದ್ದಾರೆ. ಎಲೆಕ್ಟ್ರಾನಿಕ್ ಸಾಧನದ ಪದರಕ್ಕೆ ಮಾತ್ರ ನಾನು ಇದನ್ನು ಆರಿಸೆನು, ಅದು ತೇವ ಹೀರುತ್ತದೆ.

200 ಡಿಗ್ರಿಯ ಆಸುಪಾಸಿನಲ್ಲಿ ಮತ್ತು ಮೇಲೆ ರಂಜಕದ ಆಮ್ಲಗಳೆಲ್ಲ ಒಂದು ಸಮಾನ ಹಾದಿ ಹಿಡಿಯುತ್ತವೆ: ನೀರು ಕಳೆದುಕೊಂಡು ಒಂದಕ್ಕೊಂದು ಬೆಸೆದುಕೊಳ್ಳುವುದು. ಫಾಸ್ಫಾರಿಕ್ ಆಮ್ಲ ಪೈರೋಫಾಸ್ಫಾರಿಕ್ ಆಗಿ, ಮುಂದೆ ಪಾಲಿಫಾಸ್ಫಾರಿಕ್ ಆಗುತ್ತದೆ. ಅದೇ ಹೊತ್ತಿಗೆ ಪಾಲಿಅನಿಲೀನ್ ಸರಪಳಿಗಳೂ ತಮ್ಮತಮ್ಮಲ್ಲಿ ಅಡ್ಡಬಂಧ ಕಟ್ಟಿಕೊಳ್ಳುತ್ತಿರುತ್ತವೆ, ಡೋಪ್ ಆಗದ ಪದರದಲ್ಲಿ ಇದು 150 ಡಿಗ್ರಿಯಿಂದಲೇ ಶುರುವಾಗುತ್ತದೆ. ಇಷ್ಟು ಬಿಸಿಯಲ್ಲಿ ಕೆಟ್ಟದ್ದು ಯಾರಿಂದ ಎಂದು ಬೇರ್ಪಡಿಸಿ ಹೇಳುವುದು ಕಷ್ಟ.

ಪೆಡಾಟ್, ಪಾಲಿಪಿರೋಲ್

ಪೆಡಾಟ್ ಸಾಮಾನ್ಯವಾಗಿ ಸಿಗುವುದು ಪಾಲಿಸ್ಟೈರೀನ್ ಸಲ್ಫೋನಿಕ್ ಆಮ್ಲದ ಜೊತೆ, ನೀರಿನಲ್ಲಿ ಹರಡಿಕೊಂಡ ನೀಲಿ ದ್ರವವಾಗಿ. ಆ ಆಮ್ಲ ಅಗತ್ಯಕ್ಕಿಂತ ಹೆಚ್ಚೇ ಇರುತ್ತದೆ, ಇಲ್ಲಿ ಹೇಳಿದ ರಂಜಕದ ಆಮ್ಲಗಳಿಗಿಂತ ಬಲವಾಗಿರುತ್ತದೆ. ಹೀಗಾಗಿ ಪ್ರೋಟಾನ್ ಕೊಡುವ ರಂಜಕದಿಂದ ಪೆಡಾಟ್‌ಗೆ ಹೊಸ ಆವೇಶ ದೊರೆಯುವುದಿಲ್ಲ. ದೊರೆಯಬಹುದಾದದ್ದು ಒಳರಚನೆಯ ಸುಧಾರಣೆ. ಎಥಿಲೀನ್ ಗ್ಲೈಕಾಲ್, ಡೈಮೀಥೈಲ್ ಸಲ್ಫಾಕ್ಸೈಡ್‌ನಂಥ ನಿಧಾನ ಆರುವ ಧ್ರುವೀಯ ದ್ರವಗಳು ಪೆಡಾಟ್ ಮತ್ತು ನಿರೋಧಕ ಪಾಲಿಸ್ಟೈರೀನ್ ಭಾಗಗಳನ್ನು ಬೇರ್ಪಡಿಸಿ, ಪ್ರತಿ ಸೆಂಟಿಮೀಟರಿಗೆ 1 ಸೀಮೆನ್ಸ್‌ಗಿಂತ ಕಡಿಮೆ ಇದ್ದ ವಾಹಕತೆಯನ್ನು ನೂರಾರಕ್ಕೆ ಒಯ್ಯುತ್ತವೆ. ಫಾಸ್ಫಾರಿಕ್ ಆಮ್ಲದ ಸಂಸ್ಕರಣೆಯಿಂದಲೂ ಇಂಥದೇ ಏರಿಕೆ ಸಿಗುತ್ತದೆ. ಅಂದರೆ ಇಲ್ಲಿ ರಂಜಕ ಮಾಡುವುದು ಡೋಪಿಂಗ್ ಎಂದು ತಿಳಿದು ಪ್ರಮಾಣ ಹೆಚ್ಚಿಸುತ್ತಾ ಹೋಗುವುದು ಪ್ರಯೋಜನವಿಲ್ಲದ ಕೆಲಸ.

ಪೆಡಾಟ್ ಸಾರಜನಕವಿಲ್ಲದ ಸರಪಳಿ. ಮೀಥೈಲ್ ಜಿಗಿಯಲು ಅಲ್ಲಿ ಪಾಲಿಅನಿಲೀನ್‌ನಂಥ ಆಸರೆ ಇಲ್ಲ. ಆಲ್ಕೈಲ್ ಫಾಸ್ಫೇಟ್ ಇರುವಲ್ಲಿ 100ರಿಂದ 150 ಡಿಗ್ರಿಯ ಕೆಲಸವಿದ್ದರೆ, ಪಾಲಿಅನಿಲೀನ್‌ಗಿಂತ ಪೆಡಾಟನ್ನೇ ನಾನು ಮೊದಲು ಪರೀಕ್ಷಿಸುತ್ತೇನೆ. ಎಚ್ಚರಿಕೆ ಒಂದು: ಪದರ ತೇವ ಹೀರಿದ್ದರೆ, ಆ ನೀರು ಮತ್ತು ಸಲ್ಫೋನಿಕ್ ಆಮ್ಲ ಸೇರಿ ಎಸ್ಟರನ್ನು ಒಡೆಯುತ್ತವೆ. ಹಾಗಾಗಿ ಎಸ್ಟರ್ ಸೋಕಿಸುವ ಮೊದಲು ಪದರವನ್ನು ಪೂರ್ತಿ ಒಣಗಿಸಿ, ನಂತರವಲ್ಲ.

ಪಾಲಿಪಿರೋಲ್‌ನಲ್ಲಿ ಸಾರಜನಕ ಇದ್ದರೂ ಅದರ ಎಲೆಕ್ಟ್ರಾನ್ ಜೋಡಿ ಉಂಗುರದ ಅರೋಮ್ಯಾಟಿಕ್ ವ್ಯವಸ್ಥೆಯಲ್ಲಿ ಸೇರಿಹೋಗಿರುವುದರಿಂದ ಮೀಥೈಲ್ ಹಿಡಿಯುವ ಆತುರ ಅದಕ್ಕಿಲ್ಲ. ಅದರ ಶತ್ರು ಗಾಳಿಯ ಆಮ್ಲಜನಕ. ರಂಜಕದ ಎಸ್ಟರ್ ಪದರವನ್ನು ಉಬ್ಬಿಸಿ ಸಡಿಲಗೊಳಿಸಿದರೆ ಆಮ್ಲಜನಕ ಒಳಬರುವುದೂ ಸುಲಭವಾಗುತ್ತದೆ. ಪಾಲಿಪಿರೋಲ್ ಆರಿಸುವವರು ಕ್ಲೋರೈಡ್ ಬಿಟ್ಟು ಟಾಲ್ವೀನ್ ಸಲ್ಫೋನೇಟ್‌ನಂಥ ಅರೋಮ್ಯಾಟಿಕ್ ಅಯಾನು ಇರುವ ಪದರ ತೆಗೆದುಕೊಳ್ಳಲಿ, ಬಿಸಿಮಾಡುವುದನ್ನು ಗಾಳಿಯ ಬದಲು ನೈಟ್ರೋಜನ್ (ಸಾರಜನಕ) ಅನಿಲದ ಅಡಿಯಲ್ಲಿ ಮಾಡಲಿ.

ತ್ರಿವೇಲೆನ್ಸಿ ರಂಜಕ: ನನ್ನ ಸಲಹೆ ಬೇಡ ಎಂದೇ

ಫಾಸ್ಫೈಟುಗಳನ್ನು ಪ್ಲಾಸ್ಟಿಕ್ಕಿಗೆ ಉತ್ಕರ್ಷಣ ತಡೆಯಲು ಸೇರಿಸುತ್ತಾರೆ, ಅವು ಆಮ್ಲಜನಕವನ್ನು ತಾವೇ ಹಿಡಿದು ಫಾಸ್ಫೇಟ್ ಆಗುತ್ತವೆ. ಉತ್ಕರ್ಷಣೆಯಿಂದಲೇ ಬದುಕಿರುವ ಪದರಕ್ಕೆ ಉತ್ಕರ್ಷಣೆಯ ವಿರೋಧಿಯನ್ನು ಸೇರಿಸುವುದು ಎಂಥ ಕೆಲಸ ಎಂದು ಯೋಚಿಸಿ. ಪದರದಲ್ಲಿ ತಯಾರಿಕೆಯಿಂದ ಉಳಿದಿರುವ ಉತ್ಕರ್ಷಕವಾದ ಪರ್ಸಲ್ಫೇಟ್ ಅಥವಾ ಕಬ್ಬಿಣದ ಲವಣವೂ ಫಾಸ್ಫೈಟನ್ನು ಕಬಳಿಸುತ್ತದೆ. ಇನ್ನು ಡೈಆಲ್ಕೈಲ್ ಫಾಸ್ಫೈಟುಗಳು ಇಮಿನ್ ಬಂಧಕ್ಕೆ ಸೇರಿಕೊಳ್ಳುವುದು ಚೆನ್ನಾಗಿ ತಿಳಿದ ಕ್ರಿಯೆ, ಪಾಲಿಅನಿಲೀನ್ ತುಂಬ ಇಮಿನ್‌ಗಳೇ ಇವೆ.

ಸುರಕ್ಷತೆಯ ಮಾತೂ ಇಲ್ಲಿ ಬರಬೇಕು. ಫಾಸ್ಫೈಟುಗಳು ತೇವದಲ್ಲಿ ಒಡೆದು ಕೊನೆಗೆ ಫಾಸ್ಫರಸ್ ಆಮ್ಲವಾಗುತ್ತವೆ, ಆ ಆಮ್ಲವನ್ನು 200 ಡಿಗ್ರಿಯ ಹತ್ತಿರಕ್ಕೆ ಕಾಯಿಸಿದರೆ ಫಾಸ್ಫೀನ್ ಎಂಬ ಘೋರ ವಿಷಾನಿಲ ಹೊರಬರುತ್ತದೆ. ಮುಚ್ಚಿದ ಓವನ್‌ನಲ್ಲಿ ಈ ಪ್ರಯೋಗ ಖಂಡಿತ ಬೇಡ. ಟ್ರೈಮೀಥೈಲ್ ಫಾಸ್ಫೇಟನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಪಾಲಿಮರಿಗೆ ಮೀಥೈಲ್ ಕೊಡುವ ಅಣು ಜೀವಕೋಶದ ಡಿಎನ್‌ಎಗೂ ಕೊಡಬಲ್ಲದು. ಬಿಸಿ ಮಾಡುವುದೆಲ್ಲ ಫ್ಯೂಮ್ ಹುಡ್‌ನೊಳಗೇ ಆಗಲಿ.

ಆರಿಸಿದ ಮೇಲೆ ನೋಡಿ ತಿಳಿಯುವುದು

ಕಾಗದದ ಮೇಲಿನ ಆಯ್ಕೆಯನ್ನು ಕನಿಷ್ಠ ನಾಲ್ಕು ತುಣುಕುಗಳ ಮೇಲೆ ಪರೀಕ್ಷಿಸಿ: ಪದರ ಮಾತ್ರ ಬಿಸಿಯಾದದ್ದು, ಪದರ ಮತ್ತು ಸಂಯುಕ್ತ ಬಿಸಿಯಿಲ್ಲದೆ ಇದ್ದದ್ದು, ಎರಡೂ ಸೇರಿ ಗಾಳಿಯಲ್ಲಿ ಬಿಸಿಯಾದದ್ದು, ಎರಡೂ ಸೇರಿ ನೈಟ್ರೋಜನ್‌ನಲ್ಲಿ ಬಿಸಿಯಾದದ್ದು. ಮೊದಲನೆಯದನ್ನು ಬಿಟ್ಟುಬಿಟ್ಟರೆ, ಬರಿಯ ಶಾಖದಿಂದ ಕೆಟ್ಟದ್ದನ್ನೆಲ್ಲ ರಂಜಕದ ತಲೆಗೆ ಕಟ್ಟಿಬಿಡುತ್ತೇವೆ.

ಪದರವನ್ನು ತೊಳೆದ ದ್ರವವನ್ನು ರಂಜಕ-31 ಎನ್‌ಎಂಆರ್‌ಗೆ (ಕಾಂತಕ್ಷೇತ್ರದಲ್ಲಿ ರಂಜಕದ ಪರಮಾಣುಗಳ ಸಂಕೇತ ಓದುವ ಪರೀಕ್ಷೆಗೆ) ಕೊಟ್ಟರೆ ಎಸ್ಟರ್ ಉಳಿದಿದೆಯೋ ಒಡೆದಿದೆಯೋ ಬೇಗ ಗೊತ್ತಾಗುತ್ತದೆ. 85 ಶೇಕಡಾ ಫಾಸ್ಫಾರಿಕ್ ಆಮ್ಲವನ್ನು ಸೊನ್ನೆ ಎಂದಿಟ್ಟರೆ, ಟ್ರೈಫೀನೈಲ್ ಫಾಸ್ಫೇಟಿನ ಸಂಕೇತ ಸುಮಾರು −18 ಪಿಪಿಎಂನಲ್ಲಿ, ಪೈರೋಫಾಸ್ಫೇಟಿನದು −10ರ ಸುತ್ತ, ಡೈಮೀಥೈಲ್ ಮೀಥೈಲ್‌ಫಾಸ್ಫೋನೇಟಿನದು +30ಕ್ಕಿಂತ ಮೇಲೆ ಕಾಣುತ್ತವೆ. ಅಷ್ಟು ದೂರದೂರ ಇರುವುದರಿಂದ ಗೊಂದಲ ಕಡಿಮೆ.

ಪಾಲಿಅನಿಲೀನ್‌ಗಾದರೆ ದುಬಾರಿ ಉಪಕರಣವಿಲ್ಲದೆಯೂ ಒಂದು ಪರೀಕ್ಷೆ ಸಾಧ್ಯ. ಬಿಸಿಯಾಗಿ ತಣಿದ ಪದರವನ್ನು ಅಮೋನಿಯಾ ನೀರಿನಲ್ಲಿ ಅದ್ದಿ, ತೊಳೆದು, ಆಮೇಲೆ ನೀರು ಬೆರೆಸಿ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ. ನೀಲಿಯಾಗಿ ಮತ್ತೆ ಹಸಿರಾದರೆ, ವಾಹಕತೆಯೂ ಮರಳಿದರೆ, ಆಗಿದ್ದದ್ದು ಬರಿಯ ಪ್ರೋಟಾನಿನ ಹೋಗುಬರುವಿಕೆ. ಅಂಥ ಪದರಕ್ಕೆ ಆವಿಯಾಗದ ಡೋಪಂಟ್ ಕೊಟ್ಟರೆ ಸಾಕು. ಬಣ್ಣ ಮಂಕಾಗಿ ನಿಂತು ವಾಹಕತೆ ಮರಳದಿದ್ದರೆ, ಅಮೋನಿಯಾದಲ್ಲಿ ಅದ್ದಿದ ಒಂದು ಚೂರನ್ನು ಎನ್-ಮೀಥೈಲ್ ಪಿರೋಲಿಡೋನ್ ಎಂಬ ದ್ರಾವಕದಲ್ಲಿ ಹಾಕಿ ನೋಡಿ. ಕರಗದೆ ಉಳಿದರೆ ಸರಪಳಿಗಳು ಅಡ್ಡಬಂಧ ಕಟ್ಟಿಕೊಂಡಿವೆ, ಉಷ್ಣತೆ ಇಳಿಸಬೇಕು. ಕರಗಿಯೂ ಹಸಿರು ಬಾರದಿದ್ದರೆ ಮೊದಲ ಅನುಮಾನ ಸಾರಜನಕದ ಮೇಲೆ ಕೂತ ಆಲ್ಕೈಲ್ ಗುಂಪಿನ ಮೇಲೆ. ಆಗ ಉಷ್ಣತೆಯನ್ನು ಹಾಗೇ ಬಿಟ್ಟು, ಆಲ್ಕೈಲ್ ಎಸ್ಟರಿನ ಜಾಗಕ್ಕೆ ಅರೈಲ್ ಎಸ್ಟರ್ ಹಾಕಿ ಇನ್ನೊಂದು ಸುತ್ತು ನಡೆಸಿ.